ಕಾಳಿಯ ಬಾಣಂತನ

ನಾನು ಪ್ರಾಣಿಪ್ರಿಯನೆಂದು ಹೆಸರು ಪಡೆದವನಲ್ಲ. ಇದನ್ನು ವಾಚಕರಲ್ಲಿ ಮೊದಲೇ ಅರಿಕೆ ಮಾಡಿಕೊಂಡುಬಿಡುತ್ತೇನೆ. ನಮ್ಮ ಮನೆಯಲ್ಲಿ ನಾಯಿ ಸಾಕುವ ಪದ್ಧತಿ ಅಜ್ಜನ ಕಾಲದಿಂದಲೂ ಇಲ್ಲ. ನಮ್ಮ ತಾಯಿಯವರ ಮಡಿಗೆ ನಾಯಿಯ ನೆರಳೂ ಆಗದು. ನನ್ನ ಪಾಲಿಗೆ ನಾಯಿಯೆಂಬುದು ಸಂಜೆಯ ವೇಳೆ ಸ್ಕೂಟರಿನ ಹಿಂದೆ ಬೊಗಳುತ್ತ ಓಡಿಬರುವ ಒಂದು ಉಪದ್ರವ. ಇಲ್ಲವೆ, ತರಗತಿಯಲ್ಲಿ ವರ್ಷಕ್ಕೊಮ್ಮೆ ಪಾಠ ಹೇಳಬೇಕಾದ ಒಂದು ಶಾಸನದ ವಸ್ತು.

ಆತಕೂರಿನ ಆ ಶಾಸನವನ್ನು ಕನ್ನಡ ಓದಿದವರೆಲ್ಲರೂ ಬಲ್ಲರು. ಕಾಲ ಹತ್ತನೆಯ ಶತಮಾನದ ಮಧ್ಯಭಾಗ. ರಾಷ್ಟ್ರಕೂಟರ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳರ ರಾಜಾದಿತ್ಯನನ್ನು ಗೆದ್ದ ಕಾಳಗದಲ್ಲಿ ಗಂಗರ ಬೂತುಗನ ಕಡೆಯ ಮಣಲೆರನೆಂಬ ವೀರನು ಪರಾಕ್ರಮ ತೋರಿದನು. ಮೆಚ್ಚಿದ ಒಡೆಯನು ಬೇಡಿದ್ದನ್ನು ಕೊಡುವೆನೆಂದಾಗ ಅವನು ಬೇಡಿದ್ದು ಚಿನ್ನವನ್ನಲ್ಲ. ‘ಕಾಳಿ’ ಎಂಬ ಬೇಟೆನಾಯಿಯನ್ನು. ಆ ನಾಯಿ ಮುಂದೊಂದು ದಿನ ದೊಡ್ಡ ಕಾಡುಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಆ ಕಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಕಳೆದ ವರ್ಷ ವಿಜಯದಶಮಿಯ ಮರುದಿನ, ಮೈಸೂರಿನ ಜನಸಂದಣಿ ಇನ್ನೂ ಕರಗದಿದ್ದಾಗ, ನಮ್ಮ ಮನೆಯ ಗೇಟಿನ ಬಳಿ ಒಂದು ಕಪ್ಪು ಹೆಣ್ಣುನಾಯಿ ಬಂದು ಮಲಗಿತು. ಬೀದಿಯ ನಾಯಿ, ಎಡಗಿವಿಯ ತುದಿಯಲ್ಲಿ ಹಳೆಯ ಗಾಯದ ಗುರುತು. ಓಡಿಸಿದರೆ ನಾಲ್ಕು ಹೆಜ್ಜೆ ಹೋಗಿ, ತಿರುಗಿ ಬಂದು ಅಲ್ಲಿಯೇ ಮಲಗುತ್ತಿತ್ತು. ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳು ಮಧ್ಯಾಹ್ನದೊಳಗೆ ಅದಕ್ಕೆ ಕಾಳಿ ಎಂದು ಹೆಸರಿಟ್ಟಿದ್ದಳು. ಶಾಸನದ ನೆನಪಿನಿಂದಲ್ಲ, ಕಪ್ಪಗಿದೆಯೆಂದು, ಅಷ್ಟೆ.

ಕೋಲು ಹಿಡಿದು ಹೊರಗೆ ಬಂದ ನನ್ನನ್ನು ತಡೆದವರು, ಯಾರೂ ನಿರೀಕ್ಷಿಸದ ರೀತಿಯಲ್ಲಿ, ನಮ್ಮ ತಾಯಿಯವರು.

“ಲೋ, ಬಿಡೋ ಅದನ್ನ. ಬಸುರಿ ಕಣೋ. ಹೊಟ್ಟೆ ನೋಡಿದರೆ ಗೊತ್ತಾಗೋದಿಲ್ಲವೆ? ಬಸುರಿ ಬಾಗಿಲಿಗೆ ಬಂದಾಗ ಓಡಿಸಬಾರದು. ಆದರೆ ಜಗಲಿ ದಾಟಿ ಒಳಗೆ ಕಾಲಿಡಕೂಡದು, ಹೇಳಿದೀನಿ.”

ಅಷ್ಟು ಹೊತ್ತೂ ನಾನು ಕಂಡದ್ದು ಒಂದು ನಾಯಿಯನ್ನು. ಅವರು ಕಂಡದ್ದು ಒಂದು ಬಸುರಿಯನ್ನು. ಕನ್ನಡದಲ್ಲಿ ಈ ಅವಸ್ಥೆಗೆ ಮಾತುಗಳು ಬೇರೆಬೇರೆ. ಹೆಣ್ಣುಮಗಳು ಬಸುರಿಯಾಗುತ್ತಾಳೆ, ಹಸು ಗಬ್ಬವಾಗುತ್ತದೆ. ಹೆಣ್ಣುಮಗಳು ಹೆರುತ್ತಾಳೆ, ಹಸು ಈಯುತ್ತದೆ, ನಾಯಿ ಮರಿ ಹಾಕುತ್ತದೆ. ‘ಗಬ್ಬ’ವೆಂಬುದು ‘ಗರ್ಭ’ದ ತದ್ಭವವೇ ಆದರೂ ತತ್ಸಮವನ್ನು ಮನುಷ್ಯರಿಗೆ ಇಟ್ಟುಕೊಂಡು ತದ್ಭವವನ್ನು ಕೊಟ್ಟಿಗೆಗೆ ಕಳುಹಿಸಿದ್ದೇವೆ. ನಮ್ಮ ತಾಯಿಯವರು ವ್ಯಾಕರಣ ಓದಿದವರಲ್ಲ. ಈ ಭೇದವನ್ನು ಅವರು ಒಂದೇ ಮಾತಿನಲ್ಲಿ ಅಳಿಸಿಹಾಕಿದರು.

ಮಗಳ ಹಟಕ್ಕೆ ಸೋತು ಮಾರನೆಯ ದಿನ ಕಾಳಿಯನ್ನು ಆಟೋ ಒಂದರಲ್ಲಿ ಪಶುವೈದ್ಯರ ಬಳಿಗೆ ಒಯ್ದೆವು. ವೈದ್ಯೆ ಚಿಕ್ಕ ವಯಸ್ಸಿನವರು, ಮಾತು ಕಡಮೆ. ಹೊಟ್ಟೆಯನ್ನು ಮುಟ್ಟಿ, ಮೊಲೆತೊಟ್ಟುಗಳನ್ನು ನೋಡಿ, ಸ್ಕ್ಯಾನ್ ಮಾಡಿ, “ನಲವತ್ತು ದಿನ ತುಂಬಿರಬೇಕು” ಎಂದರು. ನಾಯಿಯ ಗರ್ಭದ ಅವಧಿ ಸುಮಾರು 63 ದಿನ. ಹಿಂದುಮುಂದಾಗಿ ನಾಲ್ಕೈದು ದಿನಗಳ ವ್ಯತ್ಯಾಸ ಇರಬಹುದು. ನಾನು ಮನಸ್ಸಿನಲ್ಲಿಯೇ ಲೆಕ್ಕ ಹಾಕಿದೆ. ಭಾದ್ರಪದದ ನಾಯಿಗಳೆಂದು ನಮ್ಮ ಜನ ಹೇಳುವುದು ಸುಮ್ಮನೆ ಅಲ್ಲ. ಇನ್ನು ಮೂರು ವಾರವೆಂದರೆ ದೀಪಾವಳಿಯ ಆಸುಪಾಸು.

ವೈದ್ಯೆ ಹೇಳಿದ ಪಥ್ಯ ಸರಳವಾಗಿತ್ತು. ಮೊದಲ ಐದು ವಾರ ನಾಯಿಗೆ ಹೆಚ್ಚು ಆಹಾರ ಬೇಕಾಗಿಲ್ಲ. ಮರಿಗಳು ಬೆಳೆಯುವುದು ಕಡೆಯ ಮೂರು ವಾರಗಳಲ್ಲಿ. ಆಗ ದಿನದಿನಕ್ಕೆ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸುತ್ತ ಹೋಗಿ, ಕಡೆಗೆ ವಾಡಿಕೆಯ ಒಂದೂಕಾಲು ಪಾಲು, ಒಂದೂವರೆ ಪಾಲು ಕೊಡಬೇಕು. ಹೊಟ್ಟೆ ಮರಿಗಳಿಂದ ತುಂಬಿರುವುದರಿಂದ ಒಂದೇ ಸಲಕ್ಕೆ ಬಡಿಸದೆ ನಾಲ್ಕು ಸಲ ಮಾಡಿ ಬಡಿಸಬೇಕು. ಬೇಯಿಸಿದ ಮೊಟ್ಟೆ, ಮಾಂಸ ಒಳ್ಳೆಯವು; ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟ್ ಕೂಡವು. ದುಂಡುಹುಳುಗಳು ತಾಯಿಯ ಗರ್ಭದಲ್ಲಿಯೇ ಮರಿಗಳಿಗೆ ದಾಟುವುದರಿಂದ ಹುಳುವಿನ ಔಷಧ ಕೊಡಬೇಕು. “ಇಷ್ಟು ಸಾಕು” ಎಂದು ಚೀಟಿ ಬರೆದುಕೊಟ್ಟರು.

ಈ ‘ಇಷ್ಟು ಸಾಕು’ ಎಂಬ ಮಾತನ್ನು ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಅದರ ವಿಷಯ ಮುಂದೆ ಬರುತ್ತದೆ.

ಮೊಟ್ಟೆಯ ಪ್ರಶ್ನೆ ಮನೆಯಲ್ಲಿ ಒಂದು ಸಣ್ಣ ರಾಜಕೀಯವನ್ನೇ ಎಬ್ಬಿಸಿತು. ಅಡುಗೆಮನೆಯಲ್ಲಿ ಅದು ಬೇಯುವಂತಿಲ್ಲ. ಕಡೆಗೆ ಮಗಳು ಹಿತ್ತಿಲಲ್ಲಿ ಮೂರು ಇಟ್ಟಿಗೆಯ ಒಲೆ ಹೂಡಿದಳು. ಹಳೆಯದೊಂದು ಅಲ್ಯೂಮಿನಿಯಂ ಪಾತ್ರೆ ಕಾಳಿಯ ಹೆಸರಿಗೆ ಬಿತ್ತು. ರಾಗಿ ಅಂಬಲಿ, ಮೊಸರನ್ನ ಮಾತ್ರ ಒಳಗಿನಿಂದ ಬರುತ್ತಿದ್ದುವು. ಬಾಣಂತಿಗೆ ಕೊಡುವ ಬೆಳ್ಳುಳ್ಳಿ, ಮೆಣಸಿನ ಸಾರು ನಾಯಿಗೆ ಆಗದೆಂದು ತಿಳಿದಾಗ ನಮ್ಮ ತಾಯಿಯವರಿಗೆ ನಿಜವಾಗಿಯೂ ಬೇಸರವಾಯಿತು. “ಹಾಗಾದರೆ ಅದಕ್ಕೆ ಹಾಲು ಹೇಗೆ ಬರತ್ತೆ?” ಎಂದು ಎರಡು ದಿನ ಕೇಳುತ್ತಿದ್ದರು.

ಹೆರಿಗೆಗೆ ಜಾಗ ಬೇಕಲ್ಲ. ಹಿತ್ತಿಲ ಕಡೆಯ ಸಾಮಾನು ಕೋಣೆಯನ್ನು ತೆರವು ಮಾಡಿ ಬಡಗಿಯಿಂದ ಒಂದು ತೆರೆದ ಪೆಟ್ಟಿಗೆ ಮಾಡಿಸಿದೆ. ಒಳಗಿನ ನಾಲ್ಕು ಕಡೆಯೂ ನೆಲದಿಂದ ನಾಲ್ಕು ಬೆರಳು ಮೇಲೆ ಒಂದು ಅಡ್ಡಪಟ್ಟಿ. ತಾಯಿ ಒರಗಿ ಮಲಗಿದಾಗ ಮರಿ ಅವಳ ಬೆನ್ನಿಗೂ ಗೋಡೆಗೂ ನಡುವೆ ಸಿಕ್ಕಿ ನಜ್ಜುಗುಜ್ಜಾಗದಿರಲೆಂದು ಈ ಏರ್ಪಾಡು. ಕೆಳಗೆ ಹಾಸಲು ಹಳೆಯ ವೃತ್ತಪತ್ರಿಕೆಗಳು. ಅವುಗಳಲ್ಲಿ ಭಾನುವಾರದ ಪುರವಣಿಗಳೂ ಇದ್ದುವು. ನನ್ನವೇ ಎರಡು ಲೇಖನಗಳೂ ಇದ್ದುವು. ಹೆರಿಗೆ ಹತ್ತಿರವಾದಂತೆ ಗೂಡು ಕಟ್ಟುವ ಹುಚ್ಚು ಹಿಡಿದು ಕಾಳಿ ಆ ಕಾಗದಗಳನ್ನೆಲ್ಲ ಚೂರುಚೂರು ಮಾಡಿತು. ನನ್ನ ಬರಹಕ್ಕೆ ಅಷ್ಟು ತನ್ಮಯತೆಯ ವಿಮರ್ಶೆ ಇನ್ನೆಲ್ಲಿಯೂ ದೊರೆತಿಲ್ಲ.

ದೀಪಾವಳಿಗೆ ಐದು ದಿನ ಮುಂಚೆ ಕ್ಷ-ಕಿರಣದ ಚಿತ್ರ ತೆಗೆಸಿದೆವು. ಐವತ್ತೈದು ದಿನ ಕಳೆದ ಮೇಲೆ ಮರಿಗಳ ಎಲುಬು ಗಟ್ಟಿಯಾಗಿ ಚಿತ್ರದಲ್ಲಿ ಎಣಿಸಲು ಬರುತ್ತವೆ. ಐದು ತಲೆ, ಐದು ಬೆನ್ನೆಲುಬಿನ ಸಾಲು. ಎಷ್ಟು ಮರಿಗಳಿವೆಯೆಂದು ತಿಳಿಯದಿದ್ದರೆ ಹೆರಿಗೆ ಮುಗಿಯಿತೇ ಇಲ್ಲವೇ ಎಂಬುದೂ ತಿಳಿಯುವುದಿಲ್ಲ. ವೈದ್ಯೆ ಇನ್ನೆರಡು ಸೂಚನೆ ಕೊಟ್ಟರು. ದಿನಕ್ಕೆ ಎರಡು ಸಲ ಜ್ವರಮಾಪಕ ಇಟ್ಟು ನೋಡಿ. ಸಾಮಾನ್ಯವಾಗಿ 101ರ ಆಸುಪಾಸಿನಲ್ಲಿರುವ ಶಾಖ 99ಕ್ಕಿಂತ ಕೆಳಗಿಳಿದರೆ ಒಂದು ದಿನದೊಳಗೆ ಹೆರಿಗೆ. ಇನ್ನು ನೋವು ಬಂದು ಬಲವಾಗಿ ಮುಕ್ಕಿದರೂ ಅರ್ಧ ಗಂಟೆಯೊಳಗೆ ಮರಿ ಬಾರದಿದ್ದರೆ, ಅಥವಾ ಒಳಗೆ ಮರಿಯಿದ್ದೂ ಎರಡು ಗಂಟೆ ಸುಮ್ಮನಿದ್ದರೆ, ಅಥವಾ ಮೊದಲ ಮರಿಗೆ ಮುಂಚೆಯೇ ಹಸಿರು ಸ್ರಾವ ಕಂಡರೆ, ಯಾವ ಹೊತ್ತಾದರೂ ಸರಿ, ಫೋನ್ ಮಾಡಿ.

ದೀಪಾವಳಿಯ ಮೂರು ರಾತ್ರಿ ಪಟಾಕಿಯ ಸದ್ದಿಗೆ ಕಾಳಿ ಪೆಟ್ಟಿಗೆಯ ಮೂಲೆಯಲ್ಲಿ ನಡುಗುತ್ತ ಕುಳಿತಿತ್ತು. ಮಗಳು ಆ ವರ್ಷ ಒಂದು ಸುರುಸುರುಬತ್ತಿಯನ್ನೂ ಹಚ್ಚಲಿಲ್ಲ. ಬಲಿಪಾಡ್ಯಮಿ ಕಳೆದ ಮೂರನೆಯ ದಿನ ಬೆಳಗ್ಗೆ ಜ್ವರಮಾಪಕ 98.6 ತೋರಿಸಿತು. ಕಾಳಿ ಮೊಟ್ಟೆಯನ್ನು ಮೂಸಿ ಬಿಟ್ಟಿತು. ಹಗಲೆಲ್ಲ ಏದುಸಿರು, ನೆಲ ಕೆರೆಯುವುದು, ಎದ್ದು ಸುತ್ತುವುದು, ಮತ್ತೆ ಮಲಗುವುದು. ರಾತ್ರಿ ಹನ್ನೊಂದರ ಹೊತ್ತಿಗೆ ನಾನೂ ಮಗಳೂ ಬಿಸಿನೀರಿನ ಚೀಲ, ಒಗೆದು ಒಣಗಿಸಿದ ಹತ್ತಿಯ ಬಟ್ಟೆ, ಕತ್ತರಿ, ದಾರ ಇಟ್ಟುಕೊಂಡು ಕುಳಿತೆವು. ನನ್ನ ಹೆಂಡತಿ ವೈದ್ಯೆಯ ದೂರವಾಣಿ ಸಂಖ್ಯೆಯನ್ನು ಗೋಡೆಗೆ ಅಂಟಿಸಿ, “ಇಬ್ಬರೂ ಗಾಬರಿಯಾಗಬೇಡಿ, ಅದು ನಿಮಗಿಂತ ಚೆನ್ನಾಗಿ ಬಲ್ಲದು” ಎಂದಳು.

ಒಂದು ಇಪ್ಪತ್ತಕ್ಕೆ ಮೊದಲ ಮರಿ. ತೆಳುವಾದ ಪೊರೆಯೊಳಗೆ ಕಪ್ಪಗೆ, ಒದ್ದೆಯಾಗಿ ಜಾರಿಬಂದಿತು. ಕಾಳಿ ಒಂದು ಕ್ಷಣ ಅದನ್ನು ಆಶ್ಚರ್ಯದಿಂದ ನೋಡಿತು. ಯಾರು ಕಲಿಸಿದ್ದರೋ, ಮರುಕ್ಷಣವೇ ಪೊರೆ ಹರಿದು, ಹೊಕ್ಕುಳ ಬಳ್ಳಿ ಕಚ್ಚಿ ತುಂಡರಿಸಿ, ನಾಲಗೆಯಿಂದ ಉರುಳಿಸಿ ಉರುಳಿಸಿ ನೆಕ್ಕತೊಡಗಿತು. ಆ ನೆಕ್ಕುವಿಕೆ ಬರಿಯ ಮುದ್ದಲ್ಲ. ಅದರಿಂದಲೇ ಮರಿಯ ಉಸಿರು ಹೊರಡುವುದು. ಹಿಂದೆಯೇ ಮಾಸು ಬಿದ್ದಿತು. ಒಂದು ಮರಿಗೆ ಒಂದು ಮಾಸು. ಮಗಳು ನೋಟುಪುಸ್ತಕದಲ್ಲಿ ಎರಡನ್ನೂ ಗುರುತು ಹಾಕಿಕೊಂಡಳು. ಒಂದು ಐವತ್ತಕ್ಕೆ ಎರಡನೆಯದು, ಎರಡು ನಲವತ್ತಕ್ಕೆ ಮೂರನೆಯದು. ಹುಟ್ಟಿದ ಮರಿಗಳು ಕಣ್ಣಿಲ್ಲದೆ, ಕಿವಿಯಿಲ್ಲದೆ, ತೆವಳುತ್ತ ತೆವಳುತ್ತ ಮೊಲೆಯನ್ನು ಹುಡುಕಿಕೊಂಡುವು. ಮೊದಲ ದಿನದ ಗಿಣ್ಣುಹಾಲೇ ಅವಕ್ಕೆ ರೋಗಗಳಿಂದ ರಕ್ಷೆ.

ಅನಂತರ ಏನೂ ಇಲ್ಲ. ಕಾಳಿ ಕಣ್ಣು ಮುಚ್ಚಿ ಮಲಗಿತು. ಮೂರು ಗಂಟೆ, ಮೂರೂವರೆ, ನಾಲ್ಕು. ನಾಲ್ಕೂಕಾಲಕ್ಕೆ ಫೋನನ್ನು ಕೈಗೆತ್ತಿಕೊಳ್ಳುವ ಹೊತ್ತಿಗೆ ಬಾಗಿಲಲ್ಲಿ ನೆರಳು ಕಂಡಿತು. ನಮ್ಮ ತಾಯಿಯವರು ತಮ್ಮ ಹಳೆಯ ನೂಲಿನ ಸೀರೆಯೊಂದನ್ನು ಮಡಿಸಿ ಹಿಡಿದುಕೊಂಡು ನಿಂತಿದ್ದರು.

“ಬೇನೆ ನಿಂತುಹೋಯಿತೇನೋ? ಸುಸ್ತಾಗಿದಾಳೆ ಅವಳು. ಸ್ವಲ್ಪ ನೀರು ಕುಡಿಸು” ಎಂದು, ಮಡಿಯ ಮಾತೇ ಇಲ್ಲದೆ ಪೆಟ್ಟಿಗೆಯ ಪಕ್ಕದಲ್ಲಿ ಮಂಡಿಯೂರಿ ಕುಳಿತರು.

ಕನ್ನಡ ವ್ಯಾಕರಣ ಪ್ರಾಣಿಗಳನ್ನು ನಪುಂಸಕಲಿಂಗದಲ್ಲಿ ಇಟ್ಟಿದೆ. ಆ ನಿಯಮವನ್ನು ಇಪ್ಪತ್ತು ವರ್ಷ ಬೋಧಿಸಿದವನು ನಾನು. ಆ ರಾತ್ರಿಯಿಂದ ನಮ್ಮ ಮನೆಯಲ್ಲಿ ಕಾಳಿಯನ್ನು ಯಾರೂ ‘ಅದು’ ಎನ್ನಲಿಲ್ಲ.

ನೀರು ಕುಡಿದ ಮೇಲೆ ಅವಳು ಮತ್ತೆ ಮುಕ್ಕಿದಳು. ನಾಲ್ಕು ಮೂವತ್ತೈದಕ್ಕೆ ನಾಲ್ಕನೆಯದು ಹಿಂಗಾಲು ಮುಂದಾಗಿ ಬಂದಿತು. ನಾಯಿಗಳಲ್ಲಿ ಇದು ಅಪರೂಪವಲ್ಲ. ನೂರಕ್ಕೆ ನಲವತ್ತರಷ್ಟು ಮರಿಗಳು ಹೀಗೆಯೇ ಬರುತ್ತವೆಂದು ವೈದ್ಯೆ ಮೊದಲೇ ಹೇಳಿದ್ದರಾದ್ದರಿಂದ ಎದೆ ಒಡೆಯಲಿಲ್ಲ. ಆದರೆ ಕಾಳಿ ತಲೆಯೆತ್ತಲಿಲ್ಲ. ಪೊರೆ ಹಾಗೆಯೇ ಇತ್ತು. ನಾನು ಅದನ್ನು ಬೆರಳಿನಿಂದ ಹರಿದು, ಮೂಗು ಬಾಯಿ ಒರಸಿ, ದಾರದಿಂದ ಬಳ್ಳಿ ಕಟ್ಟಿ ಕತ್ತರಿಸಿದೆ. ಮರಿ ಬಟ್ಟೆಯ ಮೇಲೆ ಒದ್ದೆ ಕಾಲುಚೀಲದಂತೆ ಬಿದ್ದಿತ್ತು. ಉಸಿರಿಲ್ಲ. “ಕೊಡು ಇಲ್ಲಿ” ಎಂದು ತಾಯಿಯವರು ಅದನ್ನು ಸೀರೆಯ ಮಡಿಕೆಯೊಳಗೆ ತೆಗೆದುಕೊಂಡು, ತಲೆಯನ್ನು ಸ್ವಲ್ಪ ತಗ್ಗಿಸಿ ಹಿಡಿದು, ಬೆನ್ನನ್ನು ಉಜ್ಜತೊಡಗಿದರು. ಎಷ್ಟು ಹೊತ್ತು ಉಜ್ಜಿದರೋ, ಐದಾರು ನಿಮಿಷವಿರಬೇಕು. ನಾನು ಸಾಕೆನ್ನಬೇಕೆಂದಿದ್ದೆ. ಅಷ್ಟರಲ್ಲಿ ಸೀರೆಯೊಳಗಿನಿಂದ ಬಾಗಿಲ ತಿರುಗಣೆ ಕಿರುಗುಟ್ಟಿದಂತೆ ಒಂದು ಸಣ್ಣ ಸದ್ದು ಬಂದಿತು.

ಸೂಲಗಿತ್ತಿ ಎಂಬ ಮಾತು ನಮ್ಮಲ್ಲಿ ಎಷ್ಟು ಹಳೆಯದು! ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಪತ್ರಿಕೆಗಳಲ್ಲಿ ಅವರ ಕೈಗಳ ಚಿತ್ರಗಳನ್ನು ನೋಡಿದ್ದೆ. ಅಂಥ ಕೈಗಳು ನಮ್ಮ ಮನೆಯಲ್ಲಿಯೂ ಇದ್ದುವೆಂದು ಆ ಬೆಳಗಿನ ಜಾವದವರೆಗೆ ನಾನು ತಿಳಿದಿರಲಿಲ್ಲ.

ಐದನೆಯದು ಐದೂಕಾಲಕ್ಕೆ ಬಂದಿತು, ಸತ್ತು ಬಂದಿತ್ತು. ನಾವು ಉಜ್ಜಿದ್ದೂ ವ್ಯರ್ಥವಾಯಿತು. ಎತ್ತಿಕೊಂಡು ಹೋಗಲು ಕೈಚಾಚಿದಾಗ ತಾಯಿಯವರು ತಡೆದರು. “ಒಂದಿಷ್ಟು ಹೊತ್ತು ಅವಳ ಹತ್ತಿರ ಇರಲಿ. ಅವಳಿಗೆ ಗೊತ್ತಾಗಲಿ.” ಕಾಳಿ ಅದನ್ನು ಬಹಳ ಹೊತ್ತು ನೆಕ್ಕಿ, ಕಡೆಗೆ ಬದುಕಿದ್ದ ನಾಲ್ಕರ ಕಡೆಗೆ ತಿರುಗಿಕೊಂಡಳು. ಬೆಳಕು ಹರಿದ ಮೇಲೆ ಅದನ್ನು ಪಾರಿಜಾತದ ಬುಡದಲ್ಲಿ ಹೂಳಿದೆವು. ಐದು ಮಕ್ಕಳನ್ನು ಹೆತ್ತು ಇಬ್ಬರನ್ನು ಕಳೆದುಕೊಂಡವರು ನಮ್ಮ ತಾಯಿ. ಅವರಿಬ್ಬರ ಹೆಸರು ನಮ್ಮ ಮನೆಯಲ್ಲಿ ಯಾರ ಬಾಯಿಂದಲೂ ಬರುವುದಿಲ್ಲ. ಆ ದಿನವೂ ಬರಲಿಲ್ಲ.

ಮುಂದಿನ ಮೂರು ವಾರ ಸುಖದ ದಿನಗಳು. ಮೊದಲೆರಡು ವಾರ ಮರಿಗಳಿಗೆ ತಮ್ಮ ಮೈಶಾಖವನ್ನು ಕಾಯ್ದುಕೊಳ್ಳುವ ಶಕ್ತಿಯಿರುವುದಿಲ್ಲ. ಕಾರ್ತಿಕದ ಚಳಿಯಲ್ಲಿ ಪೆಟ್ಟಿಗೆಯ ಒಂದು ಬದಿಗೆ ದೀಪ ಇಳಿಬಿಟ್ಟು ಬೆಚ್ಚಗಿಟ್ಟೆವು. ಶಾಖ ಹೆಚ್ಚಾದರೆ ಸರಿದುಕೊಳ್ಳಲೆಂದು ಇನ್ನೊಂದು ಬದಿಯನ್ನು ತಂಪಾಗಿ ಬಿಟ್ಟೆವು. ಮರಿ ಮೂತ್ರ ಮಾಡಬೇಕಾದರೂ ತಾಯಿ ನೆಕ್ಕಬೇಕು, ತಾನಾಗಿ ಆಗದು. ಅಡಿಗೆಯ ತಕ್ಕಡಿಯಲ್ಲಿ ಮಗಳು ದಿನವೂ ತೂಕ ನೋಡುವಳು. ಹತ್ತು ದಿನಕ್ಕೆ ತೂಕ ಇಮ್ಮಡಿಯಾಯಿತು. ಹನ್ನೆರಡನೆಯ ದಿನ ಮೊದಲ ಕಣ್ಣು ಬಿಟ್ಟಿತು. ತೆರೆದದ್ದು ಸೀರೆಯಲ್ಲಿ ಉಸಿರು ಪಡೆದ ಮರಿ.

ಇಪ್ಪತ್ತೆರಡನೆಯ ದಿನ ಸಂಜೆ ಕಾಲೇಜಿನಿಂದ ಬಂದಾಗ ಕಾಳಿ ಮರಿಗಳನ್ನು ಬಿಟ್ಟು ಹಿತ್ತಿಲಲ್ಲಿ ಅಡ್ಡಾಡುತ್ತಿದ್ದಳು. ಕಾಲುಗಳು ಮರದ ಕಾಲುಗಳಂತೆ ಸೆಟೆದಿದ್ದುವು. ಏದುಸಿರು, ಮುಖದ ಸ್ನಾಯುಗಳು ಅದುರುತ್ತಿದ್ದುವು. ನೋಡುನೋಡುತ್ತಿದ್ದಂತೆ ಬಿದ್ದು ಮೈಯೆಲ್ಲ ನಡುಗತೊಡಗಿತು. ಆಟೋದಲ್ಲಿ ಅವಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಾಗ ಅವಳ ಮೈ ಕೆಂಡದಂತೆ ಸುಡುತ್ತಿತ್ತು.

ವೈದ್ಯೆ ನೋಡಿದೊಡನೆ ಗುರುತಿಸಿದರು. ಹಾಲುಜ್ವರ. ಮರಿಗಳು ಹಾಲು ಹೀರಿದಂತೆಲ್ಲ ತಾಯಿಯ ರಕ್ತದ ಕ್ಯಾಲ್ಸಿಯಂ ಬತ್ತಿಹೋಗಿ ಬರುವ ಸೆಳವು, ತಡಮಾಡಿದರೆ ಸಾವು. ಮುಂಗಾಲಿನ ರಕ್ತನಾಳಕ್ಕೆ ಕ್ಯಾಲ್ಸಿಯಂ ಗ್ಲುಕೊನೇಟನ್ನು ಹನಿಹನಿಯಾಗಿ, ಒಂದು ಕೈಯಲ್ಲಿ ಸ್ಟೆತಸ್ಕೋಪನ್ನು ಎದೆಗೆ ಒತ್ತಿ ಹಿಡಿದುಕೊಂಡೇ ಬಿಟ್ಟರು. ಬೇಗ ಬಿಟ್ಟರೆ ಎದೆಯ ಬಡಿತವೇ ನಿಂತೀತು. ಕಾಲು ಗಂಟೆಯೊಳಗೆ ನಡುಕ ಇಳಿಯಿತು. ಆಗ ತಲೆಯೆತ್ತಿ ಕೇಳಿದರು:

“ಗರ್ಭಿಣಿಯಾಗಿದ್ದಾಗ ನಾನು ಹೇಳಿದ್ದು ಬಿಟ್ಟು ಬೇರೆ ಏನಾದರೂ ಕೊಟ್ಟಿರಾ, ಸರ್?”

ಕೊಟ್ಟಿದ್ದೆ. ಬಸುರಿಯರಿಗೆ ಕ್ಯಾಲ್ಸಿಯಂ ಕೊಡುವುದನ್ನು ಎಲ್ಲರಂತೆ ನಾನೂ ಕಂಡವನು. ಮೊದಲ ಭೇಟಿಯ ಮರುದಿನವೇ ಔಷಧದ ಅಂಗಡಿಯಿಂದ ಒಂದು ಸೀಸೆ ತಂದು, ದಿನವೂ ಎರಡು ಚಮಚ ಮೊಸರನ್ನಕ್ಕೆ ಬೆರೆಸಿ, ಯಾರಿಗೂ ಹೇಳದೆ, ಒಂದು ಒಳ್ಳೆಯ ಕೆಲಸ ಮಾಡುತ್ತಿದ್ದೇನೆಂಬ ಹೆಮ್ಮೆಯಿಂದ ಹೆರಿಗೆಯವರೆಗೂ ಕೊಟ್ಟಿದ್ದೆ.

ಅವರು ಗದರಲಿಲ್ಲ, ವಿವರಿಸಿದರು. ರಕ್ತದಲ್ಲಿ ಕ್ಯಾಲ್ಸಿಯಂ ಕಡಮೆಯಾದಾಗ ಎಲುಬಿನಿಂದ ಅದನ್ನು ಬಿಡಿಸಿ ತರುವ ಸಣ್ಣ ಗ್ರಂಥಿಗಳು ಕುತ್ತಿಗೆಯಲ್ಲಿವೆ. ಹೊರಗಿನಿಂದ ದಿನವೂ ಸುರಿದರೆ ಅವು ಕೆಲಸ ಮರೆತು ಮಲಗುತ್ತವೆ. ಹಾಲಿನ ಬೇಡಿಕೆ ಒಮ್ಮೆಲೇ ಏರಿದಾಗ ಎಚ್ಚರಗೊಳ್ಳಲು ಅವಕ್ಕೆ ಸಾಧ್ಯವಾಗುವುದಿಲ್ಲ. “ನಿಮ್ಮ ಔಷಧದಿಂದಲೇ ಬಂತು ಅಂತ ಹೇಳೋಕಾಗಲ್ಲ. ಕೊಡದೇ ಇದ್ದರೂ ಕೆಲವಕ್ಕೆ ಬರುತ್ತೆ. ಆದರೆ ಕೊಟ್ಟರೆ ಅಪಾಯ ಹೆಚ್ಚು. ಕೊಡಬೇಕಾದರೆ ಹೆರಿಗೆಯಾದ ಮೇಲೆ, ಕೇಳಿ ಕೊಡಬೇಕು.”

ಗದರಿದ್ದರೆ ಹಗುರವಾಗುತ್ತಿತ್ತೇನೋ. ಅವಳಿಗೆ ನಾನು ಉಪವಾಸ ಕೆಡವಿ ಕೇಡು ಮಾಡಲಿಲ್ಲ, ಕಲ್ಲೆಸೆದು ಮಾಡಲಿಲ್ಲ. ಒಂದು ಪ್ರಶ್ನೆಯನ್ನು ಕೇಳದೆ, ಅಕ್ಕರೆಯಿಂದಲೇ ಮಾಡಿದ್ದೆ. ವಿದ್ಯಾರ್ಥಿಗಳಿಗೆ ಪ್ರಶ್ನೆ ಕೇಳಿರೆಂದು ದಿನವೂ ಹೇಳುವುದು ನನ್ನ ವೃತ್ತಿ!

ಒಂದು ದಿನ ಮರಿಗಳನ್ನು ಮೊಲೆಯಿಂದ ಬೇರೆ ಮಾಡಿ, ನಾಯಿಮರಿಗಳ ಹಾಲಿನ ಪುಡಿಯನ್ನು ಕದಡಿ, ಬೋರಲಾಗಿ ಮಲಗಿಸಿ ಕುಡಿಸಿದೆವು. ಅಂಗಾತ ಹಿಡಿದರೆ ಹಾಲು ಶ್ವಾಸಕೋಶಕ್ಕೆ ಹೋದೀತು. ರಾತ್ರಿಯ ಸರದಿಯನ್ನೆಲ್ಲ ನಾನೇ ಕೇಳಿ ಪಡೆದುಕೊಂಡೆ. ಆ ರಾತ್ರಿ ಮೂರು ಗಂಟೆಗೆ ಮರಿಯೊಂದನ್ನು ಅಂಗೈಯಲ್ಲಿಟ್ಟುಕೊಂಡು ಕುಳಿತಾಗ ಮಹಾಭಾರತ ನೆನಪಾಯಿತು. ಧರ್ಮರಾಯನ ಹಿಂದೆ ನಡೆದ ಕಡೆಯ ಪರ್ವಗಳ ನಾಯಿಯನ್ನು ಎಲ್ಲರೂ ಬಲ್ಲರು. ಆದಿಪರ್ವದ ಸರಮೆಯನ್ನು ನೆನೆಯುವವರು ಕಡಮೆ. ಜನಮೇಜಯನ ಸತ್ರಕ್ಕೆ ಹೋದ ಅವಳ ಮರಿಯನ್ನು ಅವನ ತಮ್ಮಂದಿರು ಹೊಡೆದಟ್ಟುತ್ತಾರೆ. ಅದು ಹವಿಸ್ಸನ್ನು ನೆಕ್ಕಿರಲಿಲ್ಲ. ಅದರ ಕಡೆ ನೋಡಿಯೂ ಇರಲಿಲ್ಲ. ತಾಯಿ ಸಭೆಗೆ ಬಂದು, ತಪ್ಪು ಮಾಡದ ಮಗನನ್ನು ಏಕೆ ಹೊಡೆದಿರೆಂದು ಕೇಳುತ್ತಾಳೆ. ಯಾರೂ ಉತ್ತರ ಕೊಡುವುದಿಲ್ಲ. ಕಾಣದ ಕಡೆಯಿಂದ ನಿಮಗೆ ಭಯ ಬರಲೆಂದು ಶಪಿಸಿ ಹೊರಟುಹೋಗುತ್ತಾಳೆ. ಹಂದಿಯನ್ನು ಕೊಂದು ಸತ್ತ ಕಾಳಿಗೆ ನಾವು ಕಲ್ಲು ನೆಟ್ಟೆವು; ಮರಿಗಾಗಿ ಬಂದು ಕೇಳಿದ ಸರಮೆಗೆ ಒಂದು ಉತ್ತರವನ್ನೂ ಕೊಡಲಿಲ್ಲ.

ಕಾಳಿ ಉಳಿದಳು. ನಾಲ್ಕನೆಯ ವಾರದಿಂದ ಮರಿಗಳಿಗೆ ಮೆತ್ತನೆಯ ಅನ್ನ ಹಿಡಿಸಿದೆವು. ಆರು ವಾರ ದಾಟಿದ ಮೇಲೆ ಮೊದಲ ಲಸಿಕೆ; ಎಂಟು ವಾರ ತುಂಬುವವರೆಗೆ ತಾಯಿಯಿಂದ ಯಾವುದನ್ನೂ ಅಗಲಿಸಲಿಲ್ಲ. ಒಂದನ್ನು ನನ್ನ ವಿದ್ಯಾರ್ಥಿಯೊಬ್ಬ ನಂಜನಗೂಡಿನ ತನ್ನ ಹಳ್ಳಿಗೆ ಒಯ್ದ. ಒಂದು ಹಾಲಿನವನ ಕೊಟ್ಟಿಗೆಗೆ, ಒಂದು ನನ್ನ ಸಹೋದ್ಯೋಗಿಯ ಮನೆಗೆ ಹೋಯಿತು. ಸೀರೆಯಲ್ಲಿ ಉಸಿರು ಪಡೆದದ್ದನ್ನು ಯಾರಾದರೂ ಕೇಳಿದಾಗಲೆಲ್ಲ ನಮ್ಮ ತಾಯಿಯವರು, “ಅದು ಇನ್ನೂ ಬಡಕಲು” ಎನ್ನುತ್ತಿದ್ದರು. ಅದು ಈಗಲೂ ನಮ್ಮ ಮನೆಯಲ್ಲಿಯೇ ಇದೆ, ಬಡಕಲಾಗಿಯೇನೂ ಇಲ್ಲ.

ಹಾಲು ಬತ್ತಿದ ಮೇಲೆ ಸಂತಾನಹರಣ ಶಸ್ತ್ರಚಿಕಿತ್ಸೆಯ ಮಾತು ಬಂದಿತು. ಬೀದಿನಾಯಿಗಳನ್ನು ಕೊಲ್ಲದೆ ಶಸ್ತ್ರಚಿಕಿತ್ಸೆಯಿಂದಲೂ ಲಸಿಕೆಯಿಂದಲೂ ಅವುಗಳ ಸಂಖ್ಯೆಯನ್ನು ಹತೋಟಿಯಲ್ಲಿಡಬೇಕೆಂಬ ನಿಯಮ 2001ರಿಂದಲೇ ಇದ್ದು, 2023ರಲ್ಲಿ ಹೊಸದಾಗಿ ರೂಪುಗೊಂಡಿತು. ನಾನು ಕಾಯಿದೆಯನ್ನು ಓದಿಕೊಂಡು, ನಮ್ಮ ತಾಯಿಯವರನ್ನು ಒಪ್ಪಿಸಲು ಒಂದು ಸಣ್ಣ ಭಾಷಣವನ್ನೇ ಸಿದ್ಧಮಾಡಿಕೊಂಡಿದ್ದೆ. ತಾಯ್ತನವನ್ನು ಕಿತ್ತುಕೊಳ್ಳುವುದು ಪಾಪವೆಂದು ಅವರು ಹೇಳುವರೆಂದು ನನ್ನ ಎಣಿಕೆ. ಅವರು ಭಾಷಣವನ್ನು ಕೇಳಲೇ ಇಲ್ಲ.

“ಮಾಡಿಸೋ, ಬೇಗ ಮಾಡಿಸು. ಸಾಕು ಅವಳಿಗೆ” ಎಂದರು. ಸ್ವಲ್ಪ ಹೊತ್ತು ಬತ್ತಿ ಹೊಸೆಯುತ್ತಿದ್ದು, ಯಾರಿಗೂ ಅಲ್ಲವೆಂಬಂತೆ ಸೇರಿಸಿದರು: “ನಮ್ಮನ್ನ ಯಾರೂ ಕೇಳಲಿಲ್ಲ, ಸಾಕೆ ಅಂತ.”

ನಾನು ಉತ್ತರ ಕೊಡಲಿಲ್ಲ. ಕೊಡಲು ಉತ್ತರವಿರಲಿಲ್ಲ.

ಈ ವರ್ಷದ ಭಾದ್ರಪದವೂ ಕಳೆಯಿತು. ರಾತ್ರಿಯೆಲ್ಲ ಬೀದಿಯಲ್ಲಿ ನಾಯಿಗಳ ಗದ್ದಲ. ಕಾಳಿ ಜಗಲಿಯ ಮೇಲೆ ಮೂತಿಯನ್ನು ಮುಂಗಾಲುಗಳ ಮೇಲಿಟ್ಟು ಮಲಗಿರುತ್ತಾಳೆ. ಅವಳ ಮಗಳು ಅವಳ ಬೆನ್ನಿಗೆ ಒರಗಿರುತ್ತಾಳೆ. ಬೆಳಗ್ಗೆ ಪೂಜೆ ಮುಗಿಸಿದ ನಮ್ಮ ತಾಯಿಯವರು ಮೊದಲ ದೋಸೆಯನ್ನು ಆರಿಸಿ ಎರಡು ತುಂಡು ಮಾಡಿ, ಮುಟ್ಟದಂತೆ ಮೇಲಿನಿಂದ ಹಾಕುತ್ತಾರೆ. ಮಡಿ ಮಡಿಯೇ. ಸಾಮಾನು ಕೋಣೆಯ ಗೂಡಿನಲ್ಲಿ ಆ ಕ್ಯಾಲ್ಸಿಯಂ ಸೀಸೆ ಇನ್ನೂ ಕಾಲುಭಾಗ ಉಳಿದು ಕುಳಿತಿದೆ. ಎಸೆಯಿರೆಂದು ಹೆಂಡತಿ ಹೇಳುತ್ತಲೇ ಇದ್ದಾಳೆ. ನಾನು ಎಸೆದಿಲ್ಲ.